ಮೋಹನಕ್ಕೆ ಎರಡು ಧೈವತ

ಅಪ್ಪನಿಗೆ ಎಪ್ಪತ್ತು ತುಂಬುತ್ತಿತ್ತು. ಭೀಮರಥ ಶಾಂತಿ ಮನೆಯಲ್ಲೇ ಮಾಡುವುದು ಅಂತ ಮಾತಾಗಿತ್ತು. ಅಪ್ಪ ನಲವತ್ತು ವರ್ಷ ವೀಣೆ ನುಡಿಸಿದವರು. ಈಗ ಬಲಗೈ ನಡುಗುತ್ತದೆ. ವೀಣೆಗೆ ಗವಸು ಹಾಕಿ ಎರಡು ವರ್ಷವಾಯಿತು. ಉಡುಗೊರೆ ಅಂತ ಶಾಲು, ಬೆಳ್ಳಿ ಲೋಟ ಕೊಡುವುದು ಇದ್ದೇ ಇದೆ. ಅದರ ಜೊತೆಗೆ ಎಂಟು ನಿಮಿಷದ ಒಂದು ಮೋಹನ ರಾಗ ಮಾಡಿಕೊಡೋಣ ಅಂತ ನಾನೂ ಅಕ್ಕನೂ ತೀರ್ಮಾನಿಸಿದೆವು. ಅಕ್ಕ ಆಲಾಪನೆ ಹಾಡುವುದು. ಅದರ ಕೆಳಗೆ ನಾನು ಕಂಪ್ಯೂಟರಿನಲ್ಲಿ ಉದ್ದುದ್ದ ಸ್ವರಗಳನ್ನು ಹಾಸುವುದು.

ಅಕ್ಕನದು ಜಿ ಶ್ರುತಿ. ಷಡ್ಜ 196 ಹರ್ಟ್ಜ್ ಆಸುಪಾಸು. ನಾನು ಷಡ್ಜ, ಗಾಂಧಾರ, ಪಂಚಮ ಒಟ್ಟಿಗೆ ಹಿಡಿದೆ. ತಂಬೂರಿ ಮೀಟುತ್ತಿತ್ತು. ಅವಳು ಮೂರು ನಿಮಿಷ ಹಾಡಿ ನಿಲ್ಲಿಸಿಬಿಟ್ಟಳು.

"ನಿನ್ನ ಗಾಂಧಾರ ಮೇಲಿದೆ ಕಣೋ. ನನ್ನ ಗಾಂಧಾರವನ್ನೂ ಎಳೀತಿದೆ. ಹೀಗಾದ್ರೆ ಹಾಡೋಕಾಗಲ್ಲ."

ಕೀಬೋರ್ಡು ಅಂದಮೇಲೆ ಸ್ವರ ಸರಿಯಾಗೇ ಇರುತ್ತದೆ ಅಂತ ನಾನು ನಂಬಿದ್ದೆ. ಅವಳು ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, ತಂಬೂರಿಯ ಮಂದ್ರ ಷಡ್ಜದ ತಂತಿಯೊಂದನ್ನೇ ಮೀಟಿದಳು. "ಸುಮ್ನೆ ಕೇಳು." ಸ್ವಲ್ಪ ಹೊತ್ತಿಗೆ ಷಡ್ಜದ ಒಳಗಿನಿಂದ ಅಂತರ ಗಾಂಧಾರ ಸಣ್ಣಗೆ ಎದ್ದು ಬಂತು. ಸ್ವಯಂಭು ಗಾಂಧಾರ ಅನ್ನುವುದು ಇದನ್ನೇ. ತಂತಿ ತನ್ನ ಮೂಲ ಕಂಪನದ ಐದರಷ್ಟು ವೇಗದಲ್ಲೂ ಕಂಪಿಸುತ್ತಿರುತ್ತದೆ. 98 ಹರ್ಟ್ಜ್ ತಂತಿಯಲ್ಲಿ ಅದು 490. ಆಮೇಲೆ ನಾನು ಕೀಬೋರ್ಡಿನಲ್ಲಿ ಅದೇ ಗಾಂಧಾರ ಒತ್ತಿದೆ. ಅದು 493.88. ಎರಡೂ ಸೇರಿದಾಗ ಸೆಕೆಂಡಿಗೆ ಸುಮಾರು ನಾಲ್ಕು ಸಲ ದನಿ ಉಬ್ಬಿ ಇಳಿಯುತ್ತಿತ್ತು. ಇಷ್ಟು ವರ್ಷ ಅದನ್ನು ಕೇಳಿಯೂ ಕೇಳದಂತೆ ಇದ್ದೆ. ಒಂದು ಸಲ ಕೇಳಿಸಿದ ಮೇಲೆ ಮತ್ತೆ ಕೇಳಿಸದೆ ಇರುವುದಿಲ್ಲ.

ಕಾರಣ ಗೊತ್ತಿರುವುದೇ. ಕೀಬೋರ್ಡಿನಲ್ಲಿ ಒಂದು ಸ್ಥಾಯಿಯನ್ನು 12 ಸಮ ಪಾಲು ಮಾಡಿರುತ್ತಾರೆ. ಸ್ಥಾಯಿಗೆ 1200 ಸೆಂಟ್ ಅಂತ ಲೆಕ್ಕ, ಒಂದೊಂದು ಪಾಲಿಗೆ 100. ಹಾಗಾಗಿ ಗಾಂಧಾರ 400ರಲ್ಲಿ ಕೂರುತ್ತದೆ. ತಂಬೂರಿಯ ಗಾಂಧಾರ, ಅಂದರೆ ಷಡ್ಜದ 5/4, ಇರುವುದು 386ರಲ್ಲಿ. ಪಂಚಮದಲ್ಲಿ ಎರಡೇ ಸೆಂಟ್ ವ್ಯತ್ಯಾಸ, ಅದು ಯಾರಿಗೂ ತೊಂದರೆ ಕೊಡುವುದಿಲ್ಲ. ಗಾಂಧಾರದ 14 ಸೆಂಟ್ ಮಾತ್ರ ಉದ್ದಕ್ಕೆ ಹಿಡಿದರೆ ಚುಚ್ಚುತ್ತದೆ. 1940ರಿಂದ 1971ರವರೆಗೆ ಆಕಾಶವಾಣಿ ಹಾರ್ಮೋನಿಯಮ್ಮನ್ನು ಹೊರಗಿಟ್ಟಿತ್ತಲ್ಲ, ಅದರ ಹಿಂದೆಯೂ ಈ ದೂರು ಇತ್ತು. ಸ್ವರ ಜಾರುವುದಿಲ್ಲ ಅನ್ನುವುದು ಒಂದು, ಅದರ ಮನೆಗಳ, ಅಂದರೆ ಕೀಗಳ, ಶ್ರುತಿ ನಮ್ಮದಲ್ಲ ಅನ್ನುವುದು ಇನ್ನೊಂದು.

ಹಾರ್ಮೋನಿಯಮ್ಮಿನ ರೀಡು ಉಜ್ಜಿ ಶ್ರುತಿ ತಿದ್ದುವವರಿದ್ದಾರೆ. ಅಪ್ಪ ವೀಣೆಯ ಮೇಣ ಬಿಸಿ ಮಾಡಿ 24 ಮೆಟ್ಟಿಲುಗಳನ್ನು ಕೂದಲೆಳೆಯಷ್ಟು ಆಚೀಚೆ ಸರಿಸುತ್ತಿದ್ದುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಕಂಪ್ಯೂಟರಿನ ಮೆಟ್ಟಿಲನ್ನು ಸರಿಸುವುದು ಹೇಗೆ? ಭೀಮರಥ ಶಾಂತಿಗೆ ಎರಡು ತಿಂಗಳಿತ್ತು.

ಮೊದಲು ಕೈಗೆ ಸಿಕ್ಕಿದ್ದು ಪಿಚ್ ಬೆಂಡ್. ಕೀಬೋರ್ಡಿನ ಎಡಗಡೆ ಇರುವ ಚಕ್ರ ಮಾಡುವ ಕೆಲಸ ಅದು. ಅದರಲ್ಲಿ ಒಂದು ಬದಿಗೆ 8192 ಹೆಜ್ಜೆಗಳಿರುತ್ತವೆ. ಮಾಮೂಲಿ ಅಳತೆಯಲ್ಲಿ ಅಷ್ಟೂ ಸೇರಿ 200 ಸೆಂಟ್. ಲೆಕ್ಕ ಹಾಕಿದರೆ ಗಾಂಧಾರಕ್ಕೆ 561 ಹೆಜ್ಜೆ ಇಳಿಸಬೇಕು. ಇಳಿಸಿದೆ. ಗಾಂಧಾರದ ಜೊತೆಗೆ ಷಡ್ಜವೂ ಪಂಚಮವೂ ಇಳಿದವು. ಕೀಬೋರ್ಡೂ ಕಂಪ್ಯೂಟರೂ ಮಾತಾಡಿಕೊಳ್ಳುವ ಭಾಷೆಯಾದ ಮಿಡಿ ಇರುವುದೇ ಹಾಗೆ. 1983ರಲ್ಲಿ ಅದನ್ನು ಕಟ್ಟುವಾಗ ಸ್ವರ ಅಂದರೆ 0ರಿಂದ 127ರವರೆಗಿನ ಒಂದು ಸಂಖ್ಯೆ ಅಂತ ಮಾಡಿದರು. ಬೆಂಡ್ ಮಾತ್ರ ಇಡೀ ಚಾನೆಲಿಗೆ ಒಂದೇ. ಒಂದು ಸ್ವರ ಬಗ್ಗಿದರೆ ಆ ಚಾನೆಲಿನ ಎಲ್ಲವೂ ಬಗ್ಗಬೇಕು.

ಹಾಗಾದರೆ ಗಾಂಧಾರಗಳನ್ನೆಲ್ಲ ಎರಡನೇ ಚಾನೆಲಿಗೆ, ಧೈವತಗಳನ್ನು ಮೂರನೆಯದಕ್ಕೆ ಹಾಕಿದರಾಯಿತು ಅಂತ ಹೊರಟೆ. ಎರಡು ರಾತ್ರಿ ಕೂತು ನಾಲ್ಕು ನಿಮಿಷದ ಸ್ವರಗಳನ್ನು ಒಂದೊಂದಾಗಿ ಎತ್ತಿಟ್ಟೆ. ಕೇಳುವುದಕ್ಕೆ ಚೆನ್ನಾಗಿಯೇ ಬಂತು. ಆದರೆ ಅಕ್ಕ ಒಂದು ಕಡೆ ಜಾಸ್ತಿ ಹೊತ್ತು ನಿಂತರೆ ನಾನೂ ಅಲ್ಲೇ ನಿಲ್ಲಬೇಕಲ್ವಾ? ಅದು ಆಗುತ್ತಿರಲಿಲ್ಲ. ಜೊತೆಗೆ ನುಡಿಸಲಾಗದ ಹಿನ್ನೆಲೆ ನನಗೆ ಬೇಡವಾಗಿತ್ತು. ಆ ನಾಲ್ಕು ನಿಮಿಷವನ್ನು ಅಳಿಸಿದೆ.

ಆಮೇಲೆ ಹುಡುಕುತ್ತಾ ಹೋದಾಗ ಸ್ಕಾಲಾ ಸಿಕ್ಕಿತು. ನೆದರ್ಲೆಂಡ್ಸಿನ ಮಾನ್ಯುವೆಲ್ ಆಪ್ ಡೆ ಕೌಲ್ ಮಾಡಿದ ತಂತ್ರಾಂಶ ಅದು. ಅದರ ಜೊತೆಗೆ ಜಗತ್ತಿನ 5000ಕ್ಕೂ ಹೆಚ್ಚು ಸ್ವರಶ್ರೇಣಿಗಳ ಸಂಗ್ರಹವೇ ಇದೆ. ನನಗೆ ನಿಜವಾಗಿ ಬೇಕಾಗಿದ್ದು ಆ ತಂತ್ರಾಂಶಕ್ಕಿಂತ ಅದು ಬಳಕೆಗೆ ತಂದ ಫೈಲಿನ ರೀತಿ. ಎಸ್‌ಸಿಎಲ್ ಫೈಲ್ ಅನ್ನುತ್ತಾರೆ. ನೋಟ್‌ಪ್ಯಾಡಿನಲ್ಲೇ ಬರೆಯಬಹುದು. ಮೊದಲು ಒಂದು ಸಾಲಿನ ವಿವರಣೆ, ಆಮೇಲೆ ಎಷ್ಟು ಸ್ವರ ಅನ್ನುವ ಸಂಖ್ಯೆ, ಆಮೇಲೆ ಸಾಲಿಗೊಂದರಂತೆ ಸ್ವರಗಳು. 5/4 ಅಂತ ಬರೆದರೆ ಅನುಪಾತ. 386.31 ಅಂತ ಚುಕ್ಕೆ ಇಟ್ಟು ಬರೆದರೆ ಸೆಂಟ್. ಆ ಚುಕ್ಕೆ ತುಂಬಾ ಮುಖ್ಯ. 386 ಅಂತಷ್ಟೇ ಬರೆದರೆ ಷಡ್ಜದ 386 ಪಟ್ಟು ಅಂತ ಓದಿಕೊಳ್ಳುತ್ತದೆ. ಇನ್ನೊಂದು ವಿಷಯ, ಆಧಾರ ಷಡ್ಜವನ್ನು ಬರೆಯಬಾರದು, ಅದು ಇದ್ದೇ ಇದೆ ಅಂತ ಲೆಕ್ಕ. ಕೊನೆಯ ಸಾಲು 2/1, ಅಂದರೆ ತಾರ ಷಡ್ಜ. ನಾನು 1/1 ಸೇರಿಸಿ 13 ಸಾಲು ಬರೆದಿದ್ದೆ. ಪಕ್ಕಪಕ್ಕದ ಎರಡು ಮನೆಗಳು ಒಂದೇ ಷಡ್ಜ ನುಡಿದವು, ತಾರ ಷಡ್ಜ ಒಂದು ಮನೆ ಆಚೆ ಹೋಗಿ ಕೂತಿತು.

ನನ್ನ ಮೊದಲ ಸರಿಯಾದ ಫೈಲಿನ 12 ಸಾಲುಗಳು ಇವು: 16/15, 9/8, 6/5, 5/4, 4/3, 45/32, 3/2, 8/5, 5/3, 9/5, 15/8, 2/1. ಮೋಹನಕ್ಕೆ ಇವೆಲ್ಲ ಬೇಕಿಲ್ಲ. ಆದರೆ 12 ಮನೆ ತುಂಬಬೇಕಲ್ಲ ಅಂತ ಬರೆದೆ.

ಇದನ್ನು ಓದಬಲ್ಲ ವಾದ್ಯ ಬೇಕು. ನಾನು ದುಡ್ಡು ಕೊಟ್ಟು ಕೊಂಡಿದ್ದ ಪ್ಲಗಿನ್‌ನಲ್ಲಿ, ಅಂದರೆ ಕಂಪ್ಯೂಟರಿನೊಳಗೆ ನುಡಿಯುವ ವಾದ್ಯದಲ್ಲಿ, ಟ್ಯೂನಿಂಗ್ ಅನ್ನುವ ಜಾಗದಲ್ಲಿ ಒಂದೇ ಗುಂಡಿ ಇತ್ತು, ಎಲ್ಲವನ್ನೂ ಒಟ್ಟಿಗೆ ಏರಿಸುವುದು, ಇಳಿಸುವುದು. ಅಷ್ಟೇ. ಬೇಜಾರಾಯಿತು. ಅಷ್ಟೊಂದು ದನಿಗಳನ್ನು ಜೋಡಿಸಿಟ್ಟವರಿಗೆ, ಇದನ್ನು ನುಡಿಸುವವರು ಬೇರೆ ಶ್ರುತಿಯವರೂ ಇರಬಹುದು ಅಂತ ಹೊಳೆಯಲೇ ಇಲ್ಲವಲ್ಲ. ಕೊನೆಗೆ ಸರ್ಜ್ ಎಕ್ಸ್‌ಟಿ ಇಳಿಸಿಕೊಂಡೆ. ಅದು ಪೂರ್ತಿ ಉಚಿತ, 2018ರಿಂದ ಮುಕ್ತ ತಂತ್ರಾಂಶ. ಎಸ್‌ಸಿಎಲ್ ಫೈಲನ್ನು ಅದರ ಮೇಲೆ ಎಳೆದು ಬಿಟ್ಟರೆ ಸಾಕು, ಓದಿಕೊಳ್ಳುತ್ತದೆ. ಷಡ್ಜ, ಗಾಂಧಾರ, ಪಂಚಮ ಒತ್ತಿದೆ. ಆ ನಾಲ್ಕರ ಅಲೆ ನಿಂತುಹೋಗಿತ್ತು. ಮೂರೂ ಸ್ವರ ಒಂದೇ ದನಿಯಾಗಿ, ತುಂಬಿದ ಕೆರೆಯ ಹಾಗೆ ನಿಂತಿತ್ತು. ಆ ರಾತ್ರಿ ಅದನ್ನೇ ಎಷ್ಟು ಹೊತ್ತು ಹಿಡಿದು ಕೂತಿದ್ದೆನೋ.

ಮರುದಿನ ಅಕ್ಕನಿಗೆ ಕಳಿಸಿದೆ. ಫೋನ್ ಬಂತು.

"ಗಾಂಧಾರ ಚೆನ್ನಾಗಿದೆ. ರಿಷಭ ಯಾಕೆ ಇಳಿದಿದೆ?"

ರಿಷಭ 9/8. ಫೈಲಿನಲ್ಲಿ ಸರಿಯಾಗೇ ಇದೆ. ಮೂರು ಸಲ ಓದಿದೆ. ಅವಳಿಗೆ ಹಾಗೆ ಕೇಳಿಸಿರಬೇಕು, ಫೋನಿನ ಸ್ಪೀಕರ್ ಇರಬೇಕು ಅಂತ ಅಂದುಕೊಂಡೆ. ಎರಡು ಸಂಜೆ ಹೋಯಿತು. ಮೂರನೇ ಸಂಜೆ ಆವರ್ತನ ಅಳೆದು ನೋಡಿದೆ. 220.5 ಬರಬೇಕಾಗಿದ್ದ ರಿಷಭ 218 ತೋರಿಸಿತು. ಅಕ್ಕನ ಕಿವಿಯೇ ಸರಿ.

ಆಗಿದ್ದು ಇಷ್ಟು. ಎಸ್‌ಸಿಎಲ್ ಫೈಲಿನಲ್ಲಿ ಷಡ್ಜ ಯಾವ ಮನೆ ಅಂತ ಇರುವುದಿಲ್ಲ. ಹೇಳದಿದ್ದರೆ ವಾದ್ಯ ಅದನ್ನು ಸಿ ಮನೆಗೆ ಹಚ್ಚುತ್ತದೆ. ನಾನು ಜಿ ಮನೆಯನ್ನು ಷಡ್ಜ ಅಂತ ನುಡಿಸುತ್ತಿದ್ದೆ. ಫೈಲಿನ ಲೆಕ್ಕದಲ್ಲಿ ಅದು ಪಂಚಮ. ಸಿ ಇಂದ ಲೆಕ್ಕ ಹಿಡಿದ 3/2 ಕೂಡ 196.2 ಹರ್ಟ್ಜ್, ಅದಕ್ಕೇ ಷಡ್ಜ ತಪ್ಪಿದ್ದು ಗೊತ್ತಾಗಲಿಲ್ಲ. ಗಾಂಧಾರದ ಮನೆ 15/8, ಅದನ್ನು 3/2ರಿಂದ ಭಾಗಿಸಿದರೆ ಮತ್ತೆ 5/4 ಬರುತ್ತದೆ. ಪಂಚಮ, ಧೈವತ ಎಲ್ಲ ಹೀಗೇ ಸರಿಹೋಗುತ್ತವೆ. ರಿಷಭದ ಮನೆಯಲ್ಲಿ ಮಾತ್ರ 5/3 ಇತ್ತು. 3/2ರಿಂದ ಭಾಗಿಸಿದರೆ 10/9. ಅದು 9/8ಕ್ಕಿಂತ 22 ಸೆಂಟ್ ಕೆಳಗೆ. ಐದು ಸ್ವರಗಳಲ್ಲಿ ಒಂದೇ ಒಂದು ತಪ್ಪಿತ್ತು, ಅದನ್ನು ಅವಳು ಫೋನಿನ ಸಣ್ಣ ಸ್ಪೀಕರಿನಲ್ಲಿ ಹಿಡಿದಿದ್ದಳು.

ಇದಕ್ಕೆ ಮದ್ದು ಇನ್ನೊಂದು ಫೈಲ್, ಕೆಬಿಎಂ. ಯಾವ ಮನೆ ಷಡ್ಜ, ಅದಕ್ಕೆ ಎಷ್ಟು ಹರ್ಟ್ಜ್ ಅಂತ ಅದರಲ್ಲಿ ಹೇಳಬೇಕು. ನನ್ನದರಲ್ಲಿ ಮನೆ 55 (ಮಿಡಿಯಲ್ಲಿ ಆ ಜಿ ಮನೆಯ ಸಂಖ್ಯೆ), ಆವರ್ತನ 196. ಕೈಯಲ್ಲಿ ಬರೆಯಲು ಬೇಜಾರಾದವರಿಗೆ ಸ್ಕೇಲ್ ವರ್ಕ್‌ಶಾಪ್ ಇದೆ. ಸೆವಿಶ್ ಎಂಬ ಹೆಸರಿನಲ್ಲಿ ಸಂಗೀತ ಮಾಡುವ ಶಾನ್ ಆರ್ಚಿಬಾಲ್ಡ್ ಅದನ್ನು ಕಟ್ಟಿದವರು. ಬ್ರೌಸರಿನಲ್ಲೇ ತೆರೆಯುತ್ತದೆ. ಸ್ವರ ಬರೆದು ಅಲ್ಲೇ ನುಡಿಸಿ ನೋಡಿ, ಎರಡೂ ಫೈಲ್ ಇಳಿಸಿಕೊಳ್ಳಬಹುದು. ಹೊಸಬರು ಅಲ್ಲಿಂದಲೇ ಶುರು ಮಾಡುವುದು ಒಳ್ಳೆಯದು. ನಾನು ಸುತ್ತುದಾರಿಯಲ್ಲಿ ಬಂದೆ.

ಕೆಬಿಎಂನಿಂದ ಇನ್ನೊಂದು ಉಪಕಾರವಾಯಿತು. ಅಕ್ಕ ತಂಬೂರಿಯನ್ನು ಕಿವಿಯಿಂದ ಕೂಡಿಸುತ್ತಾಳೆ. ಅವತ್ತು ಅದು 197ರ ಹತ್ತಿರ ಇತ್ತು. ತಂಬೂರಿ ಬಿರಡೆ ತಿರುಗಿಸು ಅಂತ ಅವಳಿಗೆ ಹೇಳುವ ಬದಲು ನಾನು ಒಂದು ಸಾಲು ತಿದ್ದಿದೆ. ಇಡೀ ವಾದ್ಯ ತಂಬೂರಿಗೆ ಕೂಡಿಕೊಂಡಿತು. ಹಾಗಾಗಬೇಕಾದ್ದೇ. ತಂಬೂರಿ ಯಂತ್ರದ ಹಿಂದೆ ಹೋಗಬಾರದು.

ಇಷ್ಟು ಹೊತ್ತಿಗೆ ನನಗೆ 22 ಶ್ರುತಿಯ, ಅಂದರೆ ಒಂದು ಸ್ಥಾಯಿಯಲ್ಲಿ 22 ಸ್ವರಸ್ಥಾನ ಎಣಿಸುವ ಹಳೆಯ ಪದ್ಧತಿಯ, ಆಸೆ ಹತ್ತಿತ್ತು. ಸ್ಕಾಲಾ ಸಂಗ್ರಹದಲ್ಲಿ ಭಾರತೀಯ ಶ್ರುತಿ ಅಂತ ಒಂದಲ್ಲ, ಹಲವು ಫೈಲ್‌ಗಳಿವೆ. ಒಂದರ ಹಾಗೆ ಇನ್ನೊಂದಿಲ್ಲ. ಒಂದನ್ನು ಹಾಕಿ ನೋಡಿದೆ. ಸ್ಥಾಯಿಗೆ 22 ಮನೆ. ನನ್ನ 61 ಮನೆಯ ಕೀಬೋರ್ಡಿನಲ್ಲಿ ಮೂರು ಸ್ಥಾಯಿ ಕೂಡ ಹಿಡಿಸಲಿಲ್ಲ. ಪಂಚಮ ಷಡ್ಜದಿಂದ 13 ಮನೆ ದೂರ. ಸ-ಪ ಒಟ್ಟಿಗೆ ಒತ್ತಲು ಬೆರಳು ಎಳೆಯಬೇಕು. ಅದಕ್ಕಿಂತ ಹೆಚ್ಚಾಗಿ, ಆ ಫೈಲ್ ಹಾಕಿದ ಕೂಡಲೇ ಕಂಪ್ಯೂಟರ್ ಕರ್ನಾಟಕ ಸಂಗೀತ ನುಡಿಸುತ್ತದೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. 22 ನಿಂತ ಸ್ವರಗಳು 22 ಮೆಟ್ಟಿಲು, ಅಷ್ಟೇ. ಅಪ್ಪ ಮೆಟ್ಟಿಲ ಮೇಲೆ ಬೆರಳಿಟ್ಟು ತಂತಿ ಎಳೆಯುತ್ತಿದ್ದರಲ್ಲ, ರಾಗ ಇರುವುದು ಆ ಎಳೆತದಲ್ಲಿ. ಅಕ್ಕನ ಹಾಡನ್ನು ಸೋನಿಕ್ ವಿಶುವಲೈಸರ್‌ನಲ್ಲಿ ಹಾಕಿ ಶ್ರುತಿಯ ಗೆರೆ ಬಿಡಿಸಿ ನೋಡಿದೆ. ಗಾಂಧಾರದ ಮೇಲೆ ಅವಳು ಕಾರ್ವೆ ಕೊಟ್ಟು ನಿಂತಾಗ ಗೆರೆ 386ರ ಪಕ್ಕದಲ್ಲಿ ನೆಟ್ಟಗೆ ಹೋಗುತ್ತದೆ. ಸಂಚಾರದಲ್ಲಿ ಅದೇ ಗಾಂಧಾರ ಬೆಟ್ಟದ ಸಾಲಿನ ಹಾಗೆ ಕಾಣುತ್ತದೆ. ಅದಕ್ಕೆ ಒಂದು ಸಂಖ್ಯೆ ಕೊಡುವುದು ಹೇಗೆ? ಆವತ್ತೇ ನಿರ್ಧಾರ ಮಾಡಿದೆ. ಗಮಕವೆಲ್ಲ ಅಕ್ಕನದು. ನನ್ನ ಸ್ವರಗಳು ನಿಲ್ಲುತ್ತವೆ, ನಿಂತಲ್ಲಿ ಶುದ್ಧವಾಗಿ ನಿಲ್ಲುತ್ತವೆ.

ನಿಲ್ಲಿಸಲು ಹೊರಟಾಗಲೇ ಧೈವತ ಎದುರಾಯಿತು.

ಒಂದು ಕಡೆ ಅಕ್ಕ ರಿಷಭದ ಮೇಲೆ ತುಂಬಾ ಹೊತ್ತು ನಿಲ್ಲುತ್ತಾಳೆ. ಅಲ್ಲಿ ನಾನು ರಿಷಭ, ಧೈವತ ಹಿಡಿದೆ. ಷಡ್ಜ-ಪಂಚಮದ ಹಾಗೆಯೇ ಸಂವಾದಿ ಜೋಡಿ ಅದು, ಕೂಡಬೇಕು. ಕೂಡಲಿಲ್ಲ. ಗರಗರ ಅಂತ ಸೆಕೆಂಡಿಗೆ ಎಂಟು ಸಲ ಅಲುಗುತ್ತಿತ್ತು. ಮೊದಲಿನ ಸಮಪಾಲಿನ ಶ್ರುತಿಯಲ್ಲೇ ಈ ಜೋಡಿ ಚೆನ್ನಾಗಿತ್ತು! ಲೆಕ್ಕ ಮಾಡಿದೆ. ರಿಷಭ 9/8, 204 ಸೆಂಟ್. ಧೈವತ 5/3, 884. ನಡುವೆ 680. ಶುದ್ಧ ಪಂಚಮದ ದೂರ 702. ಮತ್ತೆ 22 ಸೆಂಟ್ ಕಡಿಮೆ. ಧೈವತವನ್ನು 27/16ಕ್ಕೆ, ಅಂದರೆ 906ಕ್ಕೆ ಏರಿಸಿದೆ. ರಿಷಭಕ್ಕೆ ಕೂಡಿತು. ಈಗ ಗಾಂಧಾರ-ಧೈವತ ಜಗಳಕ್ಕೆ ನಿಂತವು. ಅವುಗಳ ನಡುವೆ 498 ಇರಬೇಕಾದ ಕಡೆ 520 ಆಗಿತ್ತು.

ಆ ಸಂಜೆಯೆಲ್ಲ ಧೈವತವನ್ನು ಮೇಲೆ ಕೆಳಗೆ ಮಾಡಿದೆ. ರಿಷಭವನ್ನು ಇಳಿಸಿದರೆ ಪಂಚಮಕ್ಕೆ ತಪ್ಪುತ್ತದೆ. ಎಲ್ಲೋ ನಡುವೆ ಇಟ್ಟರೆ ಎರಡೂ ಕಡೆ ಅರ್ಧರ್ಧ ಕೆಡುತ್ತದೆ. ಸಮಪಾಲಿನ ಶ್ರುತಿ ಮಾಡಿದ್ದು ಅದನ್ನೇ. ಒಂದೇ ಧೈವತದಲ್ಲಿ ಇದು ಬಗೆಹರಿಯುವುದೇ ಇಲ್ಲ. ಐದೇ ಸ್ವರದ ರಾಗ, ಆದರೂ ನಿಂತು ಕೇಳಿದರೆ ಆರು ಸ್ಥಾನ ಕೇಳುತ್ತದೆ.

ಭರತನ ನಾಟ್ಯಶಾಸ್ತ್ರದಲ್ಲಿ ಎರಡು ವೀಣೆಗಳ ಪ್ರಯೋಗ ಬರುತ್ತದೆ. ಎರಡನ್ನೂ ಒಂದೇ ಶ್ರುತಿಗೆ ಕೂಡಿಸಿ, ಒಂದನ್ನು ಹಾಗೇ ಬಿಟ್ಟು, ಇನ್ನೊಂದರಲ್ಲಿ ಪಂಚಮವನ್ನು ಒಂದು ಶ್ರುತಿ ಇಳಿಸಿ ನೋಡುವುದು. ಆ ಇಳಿಸಿದ ಅಳತೆಗೆ ಪ್ರಮಾಣ ಶ್ರುತಿ ಅಂತ ಹೆಸರು. ಇವತ್ತು ಹಲವರು ಅದನ್ನು 81/80 ಅಂತ ಲೆಕ್ಕ ಹಾಕುತ್ತಾರೆ, ಸುಮಾರು 22 ಸೆಂಟ್. ನನ್ನ ಎರಡು ಧೈವತಗಳ ನಡುವೆ ಇದ್ದದ್ದು ಸರಿಯಾಗಿ ಅದೇ. ಪುಸ್ತಕದಲ್ಲಿ ಓದಿ ಮರೆತಿದ್ದ ಮಾತು ಮೈಸೂರಿನ ನನ್ನ ಕೋಣೆಯಲ್ಲಿ ಗರಗರ ಅಂತ ಎದುರಿಗೆ ಬಂದು ನಿಂತಾಗ ಮೈ ಜುಂ ಅಂದಿತು.

ಉಪಾಯ ಹೊಳೆದಿದ್ದು ಬೆಳಗ್ಗೆ ಕಾಫಿ ಕುಡಿಯುವಾಗ. ಮೋಹನದಲ್ಲಿ ಮಧ್ಯಮ ಇಲ್ಲ, ನಿಷಾದ ಇಲ್ಲ. 12 ಮನೆಗಳಲ್ಲಿ ಏಳು ಸುಮ್ಮನೆ ಖಾಲಿ ಬಿದ್ದಿವೆ. ಫೈಲಿನ ಹತ್ತನೇ ಸಾಲಿನಲ್ಲಿದ್ದ 9/5 ಅಳಿಸಿ 27/16 ಬರೆದೆ. ಈಗ ಇ ಮನೆಯಲ್ಲಿ ಕೆಳಗಿನ ಧೈವತ, ಪಕ್ಕದ ಎಫ್ ಮನೆಯಲ್ಲಿ ಮೇಲಿನ ಧೈವತ. ಗಾಂಧಾರ ಹಿಡಿದಾಗ ಇ, ರಿಷಭ ಹಿಡಿದಾಗ ಎಫ್. ಎರಡು ದಿನದಲ್ಲಿ ಬೆರಳಿಗೆ ರೂಢಿಯಾಯಿತು. ರಾಗಕ್ಕೊಂದು ಫೈಲ್ ಮಾಡಿಕೊಳ್ಳುವುದೇ ಸರಿ ಅಂತ ನನಗೆ ಅನ್ನಿಸಿದ್ದು ಆಗ. ಎಲ್ಲ ರಾಗಕ್ಕೂ ಆಗುವ ಒಂದು ಫೈಲನ್ನು ಹುಡುಕುವುದು ಬೇಡ. ಅಪ್ಪನೂ ಕಛೇರಿಗೆ ಮುಂಚೆ ಪ್ರಧಾನ ರಾಗ ಯಾವುದು ಅಂತ ನೋಡಿಯೇ ತಂತಿ ಕೂಡಿಸುತ್ತಿದ್ದರು.

ಕೆಳಗೆ ಇನ್ನೊಂದು ವಾದ್ಯ ಸೇರಿಸಿದಾಗ ಎಂಟಿಎಸ್-ಇಎಸ್‌ಪಿ ಬಳಸಿದೆ. ಆಡ್‌ಸೌಂಡ್ ಎಂಬವರು ಮಾಡಿದ್ದು, ಅದರ ಮಿನಿ ರೂಪ ಉಚಿತ. ಅದೊಂದಕ್ಕೆ ಶ್ರುತಿ ಹೇಳಿದರೆ, ಅದನ್ನು ಅನುಸರಿಸಬಲ್ಲ ಪ್ಲಗಿನ್‌ಗಳೆಲ್ಲ ತಾವಾಗಿ ಕೂಡಿಕೊಳ್ಳುತ್ತವೆ. ಒಂದೊಂದಕ್ಕೂ ಫೈಲ್ ಹಾಕುತ್ತಾ ಕೂರಬೇಕಿಲ್ಲ. ಈ ಕಷ್ಟ ನಮ್ಮೊಬ್ಬರದೇ ಅಲ್ಲ. ಅರಬ್ಬರ ರಾಗಪದ್ಧತಿಯಾದ ಮಕಾಮಿನವರಿಗೂ ಇದೆ. ಇರಾಕಿ ಮೂಲದ ಸಂಗೀತಗಾರ ಖಯ್ಯಾಮ್ ಅಲ್ಲಾಮಿ ಇದೇ ಕಾರಣಕ್ಕೆ 2021ರಲ್ಲಿ ಲೈಮಾ ಎಂಬ ಸಾಧನವನ್ನು ಹೊರತಂದರು. ಅದೂ ಬ್ರೌಸರಿನಲ್ಲೇ ತೆರೆಯುತ್ತದೆ. 2024ರಲ್ಲಿ ಸಂಗೀತ ಮಾಡುವ ತಂತ್ರಾಂಶ ಏಬಲ್‌ಟನ್ ಲೈವ್ 12 ಬಂದಾಗ ಬೇರೆ ಶ್ರುತಿಗಳು ಅದರೊಳಗೇ ಬಂದವು. ಇಷ್ಟು ತಡವಾಗಿ ಬಂದದ್ದಕ್ಕೆ ನನಗೆ ಸಿಟ್ಟಿದೆ, ಬಂದದ್ದಕ್ಕೆ ಸಂತೋಷವೂ ಇದೆ.

ಅಕ್ಕ ಬಂದಳು. ಒಂದೇ ಬೆಳಗ್ಗೆ ಎಂಟು ನಿಮಿಷ ಹಾಡಿದಳು. ನಾನು ಎದುರಿಗೆ ಕೂತು ನುಡಿಸಿದೆ. ಅವಳು ನಿಂತಲ್ಲಿ ನಿಂತೆ. ಮುಗಿದ ಮೇಲೆ ಅವಳು ಏನೂ ಹೇಳಲಿಲ್ಲ, ತಂಬೂರಿಯನ್ನು ಇನ್ನೂ ಸ್ವಲ್ಪ ಹೊತ್ತು ಮೀಟುತ್ತಾ ಕೂತಳು.

ಶಾಂತಿಯ ಹಿಂದಿನ ರಾತ್ರಿ ಅಪ್ಪನಿಗೆ ಹೆಡ್‌ಫೋನ್ ಹಾಕಿ ಕೇಳಿಸಿದೆವು. ಅವರು ಕಣ್ಣು ಮುಚ್ಚಿದರು. ಎಡಗೈ ಬೆರಳುಗಳು ತೊಡೆಯ ಮೇಲೆ ಮೆಟ್ಟಿಲು ಹುಡುಕುತ್ತಿದ್ದವು. ಐದು ನಿಮಿಷದ ಹತ್ತಿರ ಬೆರಳು ನಿಂತಿತು. ಹೆಡ್‌ಫೋನ್ ತೆಗೆದರು.

"ಇಲ್ಲಿ ರಿಷಭ ಆಗಲೇ ಬಿಟ್ಟಾಯ್ತಲ್ಲ. ಧೈವತ ಇನ್ನೂ ಯಾಕೆ ಮೇಲೇ ಇದೆ?"

ಅಕ್ಕ ನನ್ನ ಮುಖ ನೋಡಿದಳು. ನಾನು ಹಿಂದಕ್ಕೆ ಸರಿಸಿ ಕೇಳಿದೆ. ನಿಜ, ಗಾಂಧಾರಕ್ಕೆ ಹೋದ ಮೇಲೂ ನನ್ನ ಬೆರಳು ಎಫ್ ಮನೆಯಲ್ಲೇ ಉಳಿದಿತ್ತು. ಕಂಪ್ಯೂಟರ್ ತೆರೆದು ಆ ಸ್ವರವನ್ನು ಒಂದು ಮನೆ ಕೆಳಗೆ ಎಳೆದೆ. ಅಪ್ಪ ಹೆಡ್‌ಫೋನ್ ಮತ್ತೆ ಹಾಕಿಕೊಂಡು, ಶುರುವಿನಿಂದ ಹಾಕು ಅಂದರು.